ಪಟಕ್ಕೊಂದು ಕಟ್ಟು

ನಮ್ಮೂರ ಕೆರೆಯ ಏರಿ ಮುಗಿದು ತೋಪಿನ ದಾರಿ ತೊಡಗುವೆಡೆಯಲ್ಲಿ ಒಂದು ಅರಳಿಕಟ್ಟೆಯಿದೆ. ಅರಳಿಗೂ ಬೇವಿಗೂ ಎಂದೋ ಯಾರೋ ಮದುವೆ ಮಾಡಿಸಿ, ಬುಡದಲ್ಲಿ ಏಳೆಂಟು ನಾಗರಕಲ್ಲುಗಳನ್ನು ನಿಲ್ಲಿಸಿ, ಸುತ್ತಲೂ ಕಲ್ಲುಚಪ್ಪಡಿ ಹಾಸಿ ಕಟ್ಟಿದ ಕಟ್ಟೆ ಅದು. ಸಂಜೆಯ ಹೊತ್ತು ಅಲ್ಲಿ ಕುಳಿತು ಗಾಳಿ ಸೇವಿಸುವ ಅಭ್ಯಾಸವುಳ್ಳ ನನಗೆ, ಆ ನಾಗರಕಲ್ಲುಗಳ ಮಗ್ಗುಲಲ್ಲಿ ಒರಗಿಸಿಟ್ಟ ದೇವರ ಪಟಗಳನ್ನು ನೋಡುವುದು ಬಹುಕಾಲದ ವಾಡಿಕೆ: ಗಾಜು ಬಿರಿದ ವೆಂಕಟರಮಣ, ಕಟ್ಟಿನ ಎರಡು ಪಟ್ಟಿ ಕಳಚಿಹೋಗಿ ಹಿಂಬದಿಯ ರಟ್ಟನ್ನೇ ನೆಮ್ಮಿ ನಿಂತ ಶಾರದೆ, ಮಳೆನೀರು ಹೊಕ್ಕು ಪಾದಗಳ ಕಡೆ ಬಣ್ಣ ಕದಡಿದ ರಾಮಪಟ್ಟಾಭಿಷೇಕ. ಬಿರುಕುಬಿಟ್ಟ ಗಾಜಿನ ಪಟವನ್ನು ಮನೆಯಲ್ಲಿಟ್ಟು ಪೂಜಿಸಕೂಡದೆಂಬ ನಂಬಿಕೆ ಒಂದು ಕಡೆ, ದೇವರನ್ನು ತಿಪ್ಪೆಗೆಸೆಯಲು ಕೈಬಾರದ ಸಂಕೋಚ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಸಿಕ್ಕ ಗೃಹಸ್ಥನು ಮಬ್ಬುಗತ್ತಲಲ್ಲಿ ಪಟವನ್ನು ತಂದು ಕಟ್ಟೆಗೆ ಒರಗಿಸಿ, ಒಮ್ಮೆ ಕೈಮುಗಿದು, ಹಿಂತಿರುಗಿ ನೋಡದೆ ನಡೆದುಬಿಡುತ್ತಾನೆ. ಆ ಪಟಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಬಹುಪಾಲು ಪಟಗಳಲ್ಲಿ ದೇವರಿಗೆ ಏನೂ ಆಗಿರುವುದಿಲ್ಲ. ಗೆದ್ದಲು ತಿಂದಿರುವುದು ಕಟ್ಟನ್ನು, ಒಡೆದಿರುವುದು ಗಾಜು. ಕಟ್ಟಿನ ದೋಷಕ್ಕಾಗಿ ದೇವರು ಮನೆ ಬಿಡಬೇಕಾಯಿತಲ್ಲ, ಇದಾವ ನ್ಯಾಯವೆಂದು ನಾನು ಎಷ್ಟೋ ಸಂಜೆ ಯೋಚಿಸಿದ್ದುಂಟು. ಆದರೆ ಆ ಯೋಚನೆ ಕಟ್ಟೆಯಿಂದೆದ್ದು ಪಂಚೆ ಕೊಡವಿಕೊಳ್ಳುವಾಗ ಧೂಳಿನೊಡನೆಯೇ ಉದುರಿಹೋಗುತ್ತಿತ್ತು. ನಮ್ಮ ಮನೆಯ ಪಟಕ್ಕೇ ಆ ಗತಿ ಬಂದಾಗ ಮಾತ್ರ ಅದು ಉದುರದೆ ನಿಂತಿತು.

ಅದು ನಮ್ಮ ತಾಯಿಯವರ ಲಕ್ಷ್ಮಿ. ಕೆಂದಾವರೆಯ ಮೇಲೆ ನಿಂತ ಚತುರ್ಭುಜೆ, ಪಕ್ಕದಲ್ಲಿ ಸೊಂಡಿಲಿನಿಂದ ಹಾರವನ್ನೆತ್ತಿ ಹಿಡಿದ ಆನೆ. ರಾಜಾ ರವಿವರ್ಮನ ಮುದ್ರಣಾಲಯದಿಂದ ಹೊರಟು ದೇಶವನ್ನೆಲ್ಲ ತುಂಬಿದ ಚಿತ್ರ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಆ ಕಲ್ಲಚ್ಚಿನ ಮುದ್ರಣಾಲಯ ಅನಂತರ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಬಣ್ಣಕ್ಕೊಂದು ಕಲ್ಲಿನಂತೆ ಒಂದರ ಮೇಲೊಂದು ಅಚ್ಚೊತ್ತಿ, ಕಡೆಗೆ ತೈಲಚಿತ್ರದ ಹೊಳಪು ಬರುವಂತೆ ಮೆರುಗೆಣ್ಣೆ ಬಳಿದು ಅಲ್ಲಿ ದೇವತೆಗಳನ್ನು ಸಿದ್ಧಪಡಿಸುತ್ತಿದ್ದರು. ಕಲಾವಿಮರ್ಶಕರು ಈ ಚಿತ್ರಗಳ ವಿಷಯದಲ್ಲಿ ಮೂಗು ಮುರಿಯುತ್ತಾರೆ. ಅವರ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ವಿಮರ್ಶಕರು ಕಾಣದ ಒಂದು ಮಾತಿದೆ. ರವಿವರ್ಮನು ಹುಟ್ಟಿದ ತಿರುವಾಂಕೂರು ಸಂಸ್ಥಾನದಲ್ಲಿ ದೇವಸ್ಥಾನಗಳ ಬಾಗಿಲು ಹಿಂದೂಗಳೆಲ್ಲರಿಗೂ ತೆರೆದದ್ದು 1936ರಲ್ಲಿ; ಅದಕ್ಕೆ ನಾಲ್ಕು ದಶಕಗಳ ಮೊದಲೇ ಆತನ ಕಾಗದದ ದೇವರು ಜಾತಿ ಕೇಳದೆ, ಅಂಗಡಿಯಲ್ಲಿ ಕೊಂಡವರ ಮನೆಗಳಿಗೆಲ್ಲ ನಡೆದು ಹೋಗಿತ್ತು. ಗರ್ಭಗುಡಿಯ ಬಾಗಿಲವಾಡವೂ ನಾಲ್ಕು ಪಟ್ಟಿಗಳ ಒಂದು ಕಟ್ಟೇ, ಪಟದ ಸುತ್ತಲಿನದೂ ನಾಲ್ಕು ಪಟ್ಟಿಗಳ ಕಟ್ಟೇ. ಒಂದು ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿತು. ಇನ್ನೊಂದು ದೇವರನ್ನೇ ಅವರ ಒಳಮನೆಗೆ ಕರೆತಂದಿತು.

ನಮ್ಮ ಮನೆಯ ಲಕ್ಷ್ಮಿಗೆ ಯಾರೋ ಹಿರಿಯರು, ನನ್ನ ಅಜ್ಜಿಯೇ ಇರಬೇಕು, ಸೀರೆಯ ಅಂಚಿನುದ್ದಕ್ಕೂ ಜರಿಯ ಎಳೆಗಳನ್ನು ಅಂಟಿಸಿ ಸಿಂಗರಿಸಿದ್ದರು. ಚಿತ್ರ ಕೆಟ್ಟಿರಲಿಲ್ಲ. ಕಟ್ಟಿನ ಕೆಳಪಟ್ಟಿಯನ್ನು ಗೆದ್ದಲು ಒಳಗಿನಿಂದ ತಿಂದು ಬಣ್ಣದ ಸಿಪ್ಪೆಯನ್ನಷ್ಟೇ ಉಳಿಸಿತ್ತು. ಒಂದು ದಿನ ಗೋಡೆಯಿಂದ ಇಳಿಸುವಾಗ ಆ ಸಿಪ್ಪೆ ಬೆರಳ ಕೆಳಗೆ ಕುಸಿದು, ಪಟ ಜಾರಿ, ಗಾಜಿನ ಮೂಲೆಯಲ್ಲೊಂದು ಬಿರುಕು ಬಂದಿತು. ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು ನೋಡಿ, "ಒಡೆದ ಗಾಜಿನ ಪಟ ಮನೇಲಿರಬಾರದು ಅಂತಾರೆ. ಶುಕ್ರವಾರ ಬರೋದರೊಳಗೆ ಕಟ್ಟೆಗೆ ಇಟ್ಟು ಬಂದ್ಬಿಡಿ" ಎಂದಳು. ನಾನು ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆರೆಯ ಏರಿಯವರೆಗೆ ಹೋದದ್ದೂ ನಿಜ, ವೆಂಕಟರಮಣನ ಪಕ್ಕದಲ್ಲಿ ಸ್ಥಳ ನೋಡಿದ್ದೂ ನಿಜ. ಕೈ ಬರಲಿಲ್ಲ. ಹಿಂದಿರುಗಿ ಬಂದು, ಕಟ್ಟನ್ನು ನಾನೇ ಮಾಡುತ್ತೇನೆಂದು ಸಾರಿದೆನು. ಪೇಟೆಯಲ್ಲಿ ಗಿಲೀಟಿನ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ ಮೊಳೆ ಹೊಡೆದು ಅರ್ಧ ಗಂಟೆಯಲ್ಲಿ ಕಟ್ಟು ಹಾಕಿಕೊಡುತ್ತಾರೆ. ಆದರೆ ಪಾಠ ಹೇಳುವ ಕೆಲಸದಿಂದ ನಿವೃತ್ತನಾದವನಿಗೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಗಳಿಂದ ಪ್ರಯೋಜನವಿಲ್ಲ.

ಹಳೆಯ ಕಟ್ಟನ್ನು ಬಿಚ್ಚಿದೆನು. ಹಿಂಬದಿಯ ತುಕ್ಕುಹಿಡಿದ ಮೊಳೆಗಳನ್ನು ಕಿತ್ತು, ರಟ್ಟನ್ನು ತೆಗೆದು, ಚಿತ್ರವನ್ನು ಮೆಲ್ಲಗೆ ಮೇಜಿನ ಮೇಲೆ ಇಳಿಸಿ, ಗಾಜನ್ನು ಕೈಗೆತ್ತಿಕೊಂಡೆನು. ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಮೇಜಿನ ಮೇಲೆ ಮಲಗಿದ್ದ ಲಕ್ಷ್ಮಿಯ ಹಣೆ ಬರಿದಾಗಿತ್ತು. ಚಿತ್ರಕಾರ ಬರೆದ ತಿಲಕವೇನೋ ಇತ್ತು. ನಮ್ಮ ತಾಯಿ ನಲವತ್ತು ವರ್ಷ, ದಿನವೂ ಮಿಂದು ಬಂದು ಉಂಗುರದ ಬೆರಳಿನಿಂದ ಇಡುತ್ತಿದ್ದ ಕುಂಕುಮದ ಒಂದು ಕಣವೂ ಅಲ್ಲಿರಲಿಲ್ಲ. ಅದೆಲ್ಲ ಗಾಜಿನ ಮೇಲಿತ್ತು. ಒದ್ದೆಬಟ್ಟೆಯಿಂದ ಎಷ್ಟು ಒರೆಸಿದರೂ ದೀಪದ ಹೊಗೆಯೊಡನೆ ಬೆರೆತು ಕಚ್ಚಿಕೊಂಡ ಕೆಂಪು, ಹಣೆಯ ಎಡೆಯಲ್ಲೊಂದು, ಪಾದಗಳ ಎಡೆಯಲ್ಲೆರಡು. ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದೆನು. ಹಿಂದೆ ಚಿತ್ರವಿಲ್ಲದಿದ್ದರೂ ದೇವಿ ಎಲ್ಲಿ ನಿಂತಿದ್ದಳು, ಎಷ್ಟೆತ್ತರ ನಿಂತಿದ್ದಳು ಎಂಬುದನ್ನು ಆ ಮೂರು ಗುರುತುಗಳಿಂದಲೇ ಹೇಳಬಹುದಾಗಿತ್ತು.

ಹಾಗಾದರೆ ತಾಯಿ ಪೂಜಿಸಿದ್ದು ಯಾರನ್ನು? ಗಾಜನ್ನೆಂದರೆ ಅದು ತುಂಟ ಹುಡುಗನ ಉತ್ತರ. ಲಕ್ಷ್ಮಿಯನ್ನೆಂದರೆ ಆ ಲಕ್ಷ್ಮಿಗೆ ಕುಂಕುಮ ಮುಟ್ಟಿಯೇ ಇಲ್ಲವೆಂಬುದಕ್ಕೆ ಸಾಕ್ಷಿ ನನ್ನ ಕೈಯಲ್ಲಿದೆ. ಶಾಸ್ತ್ರವನ್ನು ಕೇಳಿದರೆ, ಶಿಲೆಗೂ ಲೋಹಕ್ಕೂ ಪ್ರಾಣಪ್ರತಿಷ್ಠೆಯುಂಟು, ಚೌತಿಯ ಮಣ್ಣಿನ ಗಣಪತಿಗೆ ಆವಾಹನೆ ವಿಸರ್ಜನೆಗಳುಂಟು. ಅಂಗಡಿಯಿಂದ ತಂದು ಗೋಡೆಗೆ ತೂಗುಹಾಕಿದ ಅಚ್ಚಿನ ಪಟಕ್ಕೆ ಇವಾವುವನ್ನೂ ನಮ್ಮ ಮನೆಗಳಲ್ಲಿ ಮಾಡುವುದಿಲ್ಲ. ಯಾರೂ ಕರೆಯದೆ ಬಂದ ದೇವರು ಅದು. ಬಂದಿದ್ದಾಳೆಂದು ತಾಯಿ ನಂಬಿದರು, ಅಷ್ಟೆ. ಯಾವ ಮಂತ್ರದಿಂದ ಬಂದಳೆಂದು ವಿಚಾರಿಸಲಿಲ್ಲ. ನಾನಾದರೋ ವಿಚಾರಿಸಿಯೇ ಆಯುಷ್ಯ ಕಳೆದವನು. ಅಪಾರವಾದುದನ್ನು ಹದಿನಾಲ್ಕು ಅಂಗುಲ ಅಗಲ, ಇಪ್ಪತ್ತು ಅಂಗುಲ ಉದ್ದದೊಳಗೆ ಕೂಡಿಸಿ ಸುತ್ತಲೂ ಮರ ಬಿಗಿಯುವುದು ಭಕ್ತಿಯೋ ಅಪಚಾರವೋ ಎಂಬ ಪ್ರಶ್ನೆ, ಗರಗಸ ಕೈಗೆ ಬಂದ ಮೇಲೆ ಪುಸ್ತಕದಲ್ಲಿದ್ದಾಗಿನಷ್ಟು ತಣ್ಣಗೆ ಉಳಿಯಲಿಲ್ಲ.

ಮರ ಮನೆಯಲ್ಲೇ ಇತ್ತು. ಹಳೆಯ ಮನೆಯನ್ನು ಕೆಡವಿದಾಗ ಉಳಿಸಿಕೊಂಡ ಅಟ್ಟದ ಬಾಗಿಲಿನ ಹಲಸಿನ ಹಲಗೆ. ಹಲಸು ಎಳೆಯದಾಗಿ ಕೊಯ್ದಾಗ ಅರಿಸಿನದ ಬಣ್ಣ. ವಯಸ್ಸಾದಂತೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ವೀಣೆಯ ಕೊಡವನ್ನು ಮಾಡುವುದು ಈ ಮರದಿಂದಲೇ. ಇದರ ಹೊಟ್ಟನ್ನು ಕುದಿಸಿ ಬಂದ ಹಳದಿಯಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರ ತರಲು ವನವನ್ನು ಪ್ರವೇಶಿಸುವ ವಿಧಿಯನ್ನೇ ಒಂದು ಅಧ್ಯಾಯವಾಗಿ ಹೇಳಿದೆ: ಕಡಿಯುವ ಮುನ್ನ ಮರವನ್ನು ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳೆಲ್ಲ ದಯಮಾಡಿ ಬೇರೆ ನೆಲೆಯನ್ನು ನೋಡಿಕೊಳ್ಳಬೇಕೆಂದು ಬೇಡಿಕೊಳ್ಳಬೇಕಂತೆ. ಒಬ್ಬರಿಗೆ ಮನೆ ಕಟ್ಟಬೇಕಾದರೆ ಇನ್ನೊಬ್ಬರ ಮನೆ ತೆರವಾಗಬೇಕೆಂಬ ಅರಿವೂ ಅದಕ್ಕಾಗಿ ಕ್ಷಮೆ ಕೇಳುವ ಸೌಜನ್ಯವೂ ಆ ಕಾಲದವರಿಗಿದ್ದವು. ನನ್ನ ಹಲಸಿನ ಹಲಗೆಯಲ್ಲಿ ಎರಡು ಜಿರಲೆಗಳಿದ್ದುವು; ಅವನ್ನು ನಾನು ಬೇಡಿಕೊಳ್ಳಲಿಲ್ಲ.

ಉಪಕರಣಗಳನ್ನು ನಮ್ಮ ಬೀದಿಯ ಆಚಾರ್ರಿಂದ ಎರವಲು ತಂದೆನು. ಉಜ್ಜುಗೊರಡು, ಸಣ್ಣ ಗರಗಸ, ಮೂರು ಉಳಿ, ಕೊಡತಿ, ಮೂಲೆಮಟ್ಟ. ಆಯುಧಪೂಜೆಯ ದಿನದ ಅರಿಸಿನ ಉಜ್ಜುಗೊರಡಿನ ಕೊರಳಲ್ಲಿ ಇನ್ನೂ ಇತ್ತು. ಕೊಡುವಾಗ ಆಚಾರ್ರು, "ಮೇಷ್ಟ್ರೇ, ಕೈ ಹುಷಾರು. ಉಳಿಗೆ ಬ್ರಾಹ್ಮಣರು ಶೂದ್ರರು ಗೊತ್ತಾಗಲ್ಲ" ಎಂದು ನಕ್ಕರು. ಏಳು ಅಡಿಗೂ ಮಿಕ್ಕಿ ಪಟ್ಟಿ ಬೇಕಾಗಿತ್ತು. ಎರಡು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪ. ಅದನ್ನು ಕೊಯ್ದು, ಉಜ್ಜಿ, ಒಳಅಂಚಿನಲ್ಲಿ ಗಾಜು ಕೂರಲು ಮೆಟ್ಟಿಲಿನಂತೆ ಕಚ್ಚು ತೆಗೆಯುವ ಹೊತ್ತಿಗೆ ಐದು ದಿನಗಳಾದವು. ಉಜ್ಜುಗೊರಡಿನ ಬಾಯಿಂದ ಹೊರಬೀಳುವ ಸುರುಳಿಗಳ ಪರಿಮಳದಿಂದ ಪಡಸಾಲೆಯೆಲ್ಲ ಹಣ್ಣಿನ ಕಾಲದಂತಾಯಿತು. ಐವತ್ತು ವರ್ಷ ಅಟ್ಟಕ್ಕೆ ಬಾಗಿಲಾಗಿದ್ದ ಮರ ತನ್ನ ಹಣ್ಣನ್ನು ಮರೆತಿರಲಿಲ್ಲವೆಂದು ನನಗೆ ತೋರಿತು. ಇರಲಿ, ಅದು ನನ್ನ ಮೂಗಿನ ಕಲ್ಪನೆಯೇ ಆಗಿರಬಹುದು.

ಕಷ್ಟವಿದ್ದದ್ದು ಮೂಲೆಗಳಲ್ಲಿ. ಪಟ್ಟಿಯ ತುದಿಗಳನ್ನು ನಲವತ್ತೈದು ಡಿಗ್ರಿ ಓರೆಯಾಗಿ ಕೊಯ್ದು ಒಂದಕ್ಕೊಂದು ಆನಿಸಿದರೆ ಮೂಲೆ ಕೂಡುತ್ತದೆಂದು ರೇಖಾಗಣಿತದಲ್ಲಿ ನಾನು ಹುಡುಗರಿಗೆ ಎಷ್ಟು ಸಲ ಹೇಳಿಲ್ಲ! ನಾಲ್ಕು ಪಟ್ಟಿ, ಎಂಟು ಕೊಯ್ತ. ಒಂದೊಂದು ಕೊಯ್ತದಲ್ಲಿಯೂ ಅರ್ಧ ಡಿಗ್ರಿ ತಪ್ಪಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಮೊದಲ ಮೂಲೆ ಕೂಡುತ್ತದೆ, ಎರಡನೆಯದು ಕೂಡುತ್ತದೆ, ಮೂರನೆಯದನ್ನು ಒತ್ತಿ ಹಿಡಿದರೆ ಅದೂ ಕೂಡುತ್ತದೆ. ನಾಲ್ಕನೆಯದಕ್ಕೆ ಬಂದಾಗ ನಾಲ್ಕು ಡಿಗ್ರಿಯೂ ಒಟ್ಟಾಗಿ ಬಾಯಿ ಬಿಟ್ಟು, ಹುರುಳಿಕಾಳು ಬೀಳುವಷ್ಟು ಸಂದಿಯಾಗುತ್ತದೆ. ನನ್ನ ಕಟ್ಟಿಗೆ ಆದದ್ದೂ ಇದೇ. ನಾಲ್ಕನೆಯ ಮೂಲೆಯನ್ನು ಸರಿಪಡಿಸಲು ಹೋಗಿ ಪಟ್ಟಿಯನ್ನು ಗಿಡ್ಡಮಾಡಿದೆನು. ಗಿಡ್ಡಮಾಡಿದ ಪಟ್ಟಿಗೆ ಎದುರುಪಟ್ಟಿಯನ್ನು ಸರಿಗಟ್ಟಲು ಹೋಗಿ ಕರ್ಣಗಳೆರಡೂ ಸಮವಾಗದೆ ಚೌಕ ಸೊಟ್ಟಾಯಿತು. ಆಚಾರ್ರು ಬಂದು ಮೂಲೆಮಟ್ಟ ಹಿಡಿದು ನೋಡಿದರು. "ತಪ್ಪು ಇಲ್ಲಿಲ್ಲ ಮೇಷ್ಟ್ರೇ, ಮೊದಲನೇ ಕೊಯ್ತದಲ್ಲೇ ಇದೆ. ಈ ಮೂಲೆ ಅದನ್ನ ತೋರಿಸ್ತು, ಅಷ್ಟೆ." ಕರ್ಮಸಿದ್ಧಾಂತದ ಮೇಲೆ ಇಷ್ಟು ಚಿಕ್ಕ ಭಾಷ್ಯವನ್ನು ನಾನು ಓದಿರಲಿಲ್ಲ. ಎರಡು ಪಟ್ಟಿಗಳನ್ನು ಹೊಸದಾಗಿ ಕೊಯ್ಯಬೇಕಾಯಿತು.

ಪಡಸಾಲೆಯಲ್ಲಿ ಒಬ್ಬನೇ ಕುಳಿತು ಉಜ್ಜುತ್ತಿರುವಾಗ ಕೈಗೆ ಕೆಲಸವಿದ್ದರೂ ಬಾಯಿಗೆ ಕೆಲಸವಿರುವುದಿಲ್ಲ. ಮನಸ್ಸು ಶಬ್ದಗಳನ್ನು ಮೆಲುಕುಹಾಕತೊಡಗುತ್ತದೆ. ಕಟ್ಟು ಎಂಬ ನಮ್ಮ ಶಬ್ದವನ್ನೇ ನೋಡಿ. ಹಸುವನ್ನು ಗೂಟಕ್ಕೆ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಕಳ್ಳನ ಕೈಕಟ್ಟುವುದೂ ಅದೇ ಕ್ರಿಯೆ, ವಧುವಿನ ಕೊರಳಿಗೆ ತಾಳಿ ಕಟ್ಟುವುದೂ ಅದೇ. ಹೂ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಗಂಟಲು ಕಟ್ಟುತ್ತದೆ, ಕಟ್ಟಳೆ ಕಟ್ಟುಪಾಡುಗಳಿಂದ ಊರಿಗೆ ಊರನ್ನೇ ಉಸಿರು ಕಟ್ಟಿಸುತ್ತೇವೆ. ಸಂಸ್ಕೃತದಲ್ಲಿ ಬಂಧವೆಂದೊಡನೆ ಮೋಕ್ಷವೆಂಬ ಪ್ರತಿಪದ ಎದುರು ಬಂದು ನಿಲ್ಲುತ್ತದೆ. ಬಂಧವೆಂದರೆ ಬಿಡಿಸಿಕೊಳ್ಳತಕ್ಕದ್ದು ಎಂಬ ತೀರ್ಪು ಅಲ್ಲಿ ಮೊದಲೇ ಆಗಿಹೋಗಿದೆ. ಕನ್ನಡದ ರೈತನಾಗಲಿ ಮಾಲೆಗಾರನಾಗಲಿ ಆ ತೀರ್ಪನ್ನು ಅಷ್ಟು ಸುಲಭವಾಗಿ ಒಪ್ಪಲಾರ. ಏರಿ ಕಟ್ಟದೆ ಕೆರೆಯಿಲ್ಲ, ನಾರಿನಿಂದ ಕಟ್ಟದೆ ಮಾಲೆಯಿಲ್ಲ ಎಂಬುದು ಅವನ ಅನುಭವ. ಮುಸಲ್ಮಾನ ನೆರೆಯವರ ಮನೆಯಲ್ಲಿ, ಯಾವ ರೂಪವನ್ನೂ ಬರೆಯಬಾರದೆಂಬ ನಿಯಮವಿರುವಲ್ಲಿ, ದೇವನಾಮದ ಬಳುಕುವ ಅಕ್ಷರಗಳನ್ನು ಎಂಥ ಕುಸುರಿಯ ಕಟ್ಟಿನೊಳಗಿಟ್ಟು ಗೋಡೆಗೆ ಹಾಕಿರುತ್ತಾರೆಂಬುದನ್ನು ನೋಡಿದ್ದೇನೆ. ಮೂರ್ತಿಯನ್ನು ಬಿಟ್ಟವರೂ ಕಟ್ಟನ್ನು ಬಿಡಲಿಲ್ಲ.

ಇನ್ನು ನಮ್ಮ ಆಚಾರ್ಯರುಗಳು. ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಹೂಡಿದ ಘಟಾಕಾಶದ ದೃಷ್ಟಾಂತವನ್ನು ಕೇಳದ ಕನ್ನಡಿಗನಿಲ್ಲ: ಮಡಕೆಯೊಳಗಿನ ಆಕಾಶ ಬೇರೆಯೆಂದು ತೋರುತ್ತದೆ; ಮಡಕೆ ಒಡೆದರೆ ಬೇರೆಯೆಂಬುದು ಎಂದೂ ಇರಲೇ ಇಲ್ಲವೆಂದು ತಿಳಿಯುತ್ತದೆ. ಮಡಕೆ ಉಪಾಧಿ, ನನ್ನ ಹಲಸಿನ ಪಟ್ಟಿಗಳೂ ಉಪಾಧಿ. ಆದರೆ ಉಡುಪಿಯ ಕಡೆಯಿಂದ ಮಧ್ವಾಚಾರ್ಯರು ಉಪಾಧಿಖಂಡನವೆಂಬ ಗ್ರಂಥವನ್ನೇ ಬರೆದು ಕೇಳಿದರು: ಈ ಉಪಾಧಿ ಅಂಟಿಕೊಳ್ಳುವುದು ಬ್ರಹ್ಮದ ಒಂದಂಶಕ್ಕೋ, ಸಮಗ್ರಕ್ಕೋ? ಸಮಗ್ರಕ್ಕೆಂದರೆ ಬಿಡುಗಡೆಯಾದ ಬ್ರಹ್ಮವೇ ಉಳಿಯಲಿಲ್ಲ. ಒಂದಂಶಕ್ಕೆಂದರೆ ಅಂಶವೆಂಬ ಭೇದ ಉಪಾಧಿಗಿಂತ ಮೊದಲೇ ಇತ್ತೆಂದಾಯಿತು. ಬಡಗಿಯ ಕೆಲಸಕ್ಕಿಳಿದವನಿಗೆ ಈ ಆಕ್ಷೇಪಣೆಯ ಮೊನೆ ಚೆನ್ನಾಗಿ ತಾಗುತ್ತದೆ. ಕಟ್ಟು ಮಾಡುವವನು ಮೊದಲು ಚಿತ್ರದ ಅಳತೆ ತೆಗೆಯುತ್ತಾನಲ್ಲದೆ ಕಟ್ಟನ್ನು ಮಾಡಿ ಆಮೇಲೆ ಅದರೊಳಗೆ ಚಿತ್ರ ಹುಟ್ಟಲೆಂದು ಕಾಯುವುದಿಲ್ಲ. ಈ ವಾದದಲ್ಲಿ ಗೆದ್ದವರಾರೆಂದು ಹೇಳುವ ಯೋಗ್ಯತೆ ನನಗಿಲ್ಲ. ನನಗೆ ಹೆಚ್ಚು ಒದಗಿಬಂದದ್ದು ಮೂರನೆಯ ಮಾತು.

ಶ್ರೀವೈಷ್ಣವರು ಭಗವಂತನ ಇರವನ್ನು ಐದು ಬಗೆಯಾಗಿ ಎಣಿಸುತ್ತಾರೆ: ಪರ, ವ್ಯೂಹ, ವಿಭವ, ಅಂತರ್ಯಾಮಿ, ಕಡೆಯದಾಗಿ ಅರ್ಚೆ, ಅಂದರೆ ಪೂಜೆಗೊಳ್ಳುವ ಮೂರ್ತಿ. ಬಾಯಾರಿದವನಿಗೆ ಅಂತರ್ಯಾಮಿ ನೆಲದೊಳಗಿನ ನೀರು, ಅಗೆದರುಂಟು. ಪರವೆಂಬುದು ಬ್ರಹ್ಮಾಂಡವನ್ನು ಸುತ್ತಿರುವ ನೀರು, ವ್ಯೂಹ ಪಾಲ್ಗಡಲು, ಅವೆರಡೂ ಎಟುಕುವಂಥವಲ್ಲ. ರಾಮಕೃಷ್ಣಾದಿ ಅವತಾರಗಳು ತುಂಬಿ ಹರಿದು ಹೋದ ಹೊಳೆ, ಆ ಹೊತ್ತಿಗೆ ದಡದಲ್ಲಿದ್ದವರ ಪುಣ್ಯ. ಅರ್ಚೆಯಾದರೋ ಆ ಹೊಳೆ ಹರಿದುಹೋದ ಮೇಲೆ ಮಡುಗಳಲ್ಲಿ ನಿಂತ ನೀರು. ಪಿಳ್ಳೈ ಲೋಕಾಚಾರ್ಯರು ಶ್ರೀವಚನಭೂಷಣದಲ್ಲಿ ಕೊಟ್ಟ ಹೋಲಿಕೆ ಇದು. ಮೇಲುಕೋಟೆಯಲ್ಲಿ ಚೆಲುವಪಿಳ್ಳೆಯ ಉತ್ಸವವನ್ನು ಕಂಡವರಿಗೆ ಇದರ ಸೊಗಸು ಹೇಳಬೇಕಾಗಿಲ್ಲ. ರಾಮಾನುಜರು ಮಗುವನ್ನು ಕರೆದಂತೆ ಕರೆದೊಡನೆ ಬಂದು ತೊಡೆಯೇರಿದನೆಂದು ಅಲ್ಲಿಯವರು ನಂಬುವ ಮೂರ್ತಿ ಅದು. ಮಡುವಿಗೆ ದಡವಿಲ್ಲದಿದ್ದರೆ ಅದರಲ್ಲಿ ನೀರು ನಿಲ್ಲದು. ಕುಡಿಯಬೇಕಾದವನು ಬೊಗಸೆಯೊಡ್ಡಿದರೂ ಅದೊಂದು ದಡವೇ.

ಶರಣರು ಇದನ್ನೊಪ್ಪರು ಎನ್ನುವಿರಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗುಡಿಕಟ್ಟುವ ಸಿರಿವಂತಿಕೆಯನ್ನು ಅವರು ಪ್ರಶ್ನಿಸಿದ್ದು ಪ್ರಸಿದ್ಧವೇ ಆಗಿದೆ. ದೇಹವನ್ನೇ ದೇಗುಲವೆಂದು ತಿಳಿದವರು ಬಾಗಿಲವಾಡಗಳಿಗೆ ಬೆಲೆ ಕೊಡಲಿಲ್ಲ. ಆದರೆ ಅವರು ಮಾಡಿದ್ದೇನು? ಅಂಗೈಯಗಲದ ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡರು. ಲಿಂಗ ಕಟ್ಟುವುದೆಂದೇ ಇಂದಿಗೂ ಜನರ ಮಾತು. ಊರ ನಡುವೆ ಕಲ್ಲಿನಿಂದ ಕಟ್ಟಿದ್ದನ್ನು ಬಿಟ್ಟು, ಎದೆಯ ಮೇಲೆ ದಾರದಿಂದ ಕಟ್ಟಿಕೊಂಡರು. ಒಳಗೆ ಬಿಡುವವರು ಯಾರು, ಬಿಡದವರು ಯಾರು ಎಂಬ ಪಾರುಪತ್ಯಗಾರನ ಕಾಟ ಆ ಕಟ್ಟಿನಲ್ಲಿ ಇರಲಿಲ್ಲ. ಆ ಶರಣರ ನಡುವೆ ಬಾಚಿಕಾಯಕದ ಬಸವಯ್ಯನೆಂಬ ಬಡಗಿಯೂ ಇದ್ದನು; ಮರ ಕೆತ್ತುವ ಬಾಚಿಯೇ ಅವನ ಹೆಸರಾಗಿ ಉಳಿದಿದೆ. ಅವನ ವಚನಗಳನ್ನೋದುವಾಗ ಇಲ್ಲದಿದ್ದ ನಂಟು, ಅಂಗೈಯಲ್ಲಿ ಬೊಬ್ಬೆಯೆದ್ದ ಮೇಲೆ ನನಗೆ ಅವನೊಡನೆ ಬೆಳೆಯಿತು.

ಕಟ್ಟು ಕೂಡಿತೆಂದು ಸುಮ್ಮನಾಗಬಹುದಾಗಿತ್ತು. ಬರಿಯ ಪಟ್ಟಿ ಲಕ್ಷ್ಮಿಗೆ ಶೋಭಿಸದೆಂದು ಅಲಂಕಾರಕ್ಕೆ ಕೈಹಾಕಿದೆನು. ನಾಲ್ಕು ಮೂಲೆಗಳಿಗೆ ಎಂಟೆಸಳಿನ ನಾಲ್ಕು ಕಮಲ, ನಡುವೆ ಹರಿಯುವ ಬಳ್ಳಿ. ಸಾಗರ ಸೊರಬದ ಕಡೆಯ ಗುಡಿಗಾರರು ಶ್ರೀಗಂಧದಲ್ಲಿ ಕೊರೆಯುವ ಬಳ್ಳಿಗಳನ್ನು ಕಂಡವನು ನನ್ನ ಬಳ್ಳಿಯನ್ನು ಬಳ್ಳಿಯೆಂದು ಕರೆಯುವುದು ಸಂಶಯ. ಆದರೂ ಒಂದು ಕಮಲ ಮುಗಿದಾಗ ಇನ್ನೊಂದಕ್ಕೆ ಎಸಳು ಹೆಚ್ಚಿಸುವ ಆಸೆ, ಬಳ್ಳಿಗೊಂದು ಹಕ್ಕಿ ಕೂರಿಸುವ ಆಸೆ, ಮೇಲುಪಟ್ಟಿಯ ನಡುವೆ ಒಂದು ಸಿಂಹಲಲಾಟದ ಆಸೆ. ಸಿಂಹಲಲಾಟಕ್ಕೆಂದು ಗೆರೆ ಎಳೆದುಕೊಂಡು ಉಳಿ ಇಡುವಷ್ಟರಲ್ಲಿ ಆಚಾರ್ರು ಬಂದರು. ಕಮಲಗಳನ್ನು ನೋಡಿದರು, ಗೆರೆಯನ್ನು ನೋಡಿದರು. "ಸಾಕು ಬಿಡಿ ಮೇಷ್ಟ್ರೇ. ಇನ್ನು ಮಾಡಿದರೆ ಜನ ಕಟ್ಟಿಗೆ ಕೈಮುಗೀತಾರೆ."

ಆನಂದ ಕುಮಾರಸ್ವಾಮಿಯವರು 1939ರ ಒಂದು ಪ್ರಬಂಧದಲ್ಲಿ ಅಲಂಕಾರವೆಂಬ ಶಬ್ದವನ್ನು ಬಿಡಿಸಿ ನೋಡಿ, ಮೂಲದಲ್ಲಿ ಅದು ಮೇಲಿನಿಂದ ಹೇರಿದ ಚೆಲುವಲ್ಲ, ವಸ್ತು ತನ್ನ ಕಾರ್ಯಕ್ಕೆ ಸಾಲುವಂತೆ ಸಜ್ಜುಗೊಳಿಸುವುದೆಂದು ತೋರಿಸಿದರು. ಅಲಂ ಎಂದರೆ ಸಾಕು. ಆ ಪ್ರಬಂಧವನ್ನು ಓದಿ ಅಡಿಗೆರೆ ಎಳೆದಿಟ್ಟವನಿಗೆ ಅದರ ಅರ್ಥವನ್ನು ಹೇಳಲು ಅದನ್ನೋದದ ಆಚಾರ್ರು ಬರಬೇಕಾಯಿತು. ಸಿಂಹಲಲಾಟವನ್ನು ಕೈಬಿಟ್ಟೆನು, ಅದರ ಕಥೆಯನ್ನು ಮಾತ್ರ ಬಿಡಲಾಗಲಿಲ್ಲ. ನಮ್ಮ ಗುಡಿಗಳ ಪ್ರಭಾವಳಿಯ ನೆತ್ತಿಯಲ್ಲಿ, ದ್ವಾರಗಳ ಮೇಲೆ, ಕೆಳದವಡೆಯಿಲ್ಲದೆ ಕಣ್ಣರಳಿಸಿ ನೋಡುವ ಆ ಮೊಗಕ್ಕೆ ಕೀರ್ತಿಮುಖವೆಂದು ಹೆಸರು. ಸ್ಕಾಂದಪುರಾಣದ ಜಲಂಧರನ ಕಥೆಯಲ್ಲಿ, ರಾಹುವನ್ನು ನುಂಗಲೆಂದು ಶಿವನ ಹುಬ್ಬಿನ ನಡುವಿನಿಂದ ಹುಟ್ಟಿದ ಘೋರಸತ್ವವೊಂದು, ರಾಹು ಶರಣಾಗತನಾಗಿ ಆಹಾರ ತಪ್ಪಿಹೋಗಲು, ಹಸಿವಿಗೇನು ಗತಿಯೆಂದು ಕೇಳುತ್ತದೆ. ನಿನ್ನನ್ನೇ ತಿನ್ನು ಎಂದು ಅಪ್ಪಣೆಯಾಗುತ್ತದೆ. ಅದು ತನ್ನ ಕೈಕಾಲುಗಳಿಂದ ತೊಡಗಿ ಮೈಯನ್ನೆಲ್ಲ ತಿಂದು ಮುಗಿಸಿ ಮುಖವೊಂದೇ ಉಳಿದಾಗ, ಶಿವನು ಮೆಚ್ಚಿ ತನ್ನ ಬಾಗಿಲಲ್ಲಿ ಅದಕ್ಕೆ ನೆಲೆಯಿತ್ತನು. ದೇವರ ಸುತ್ತಣ ಕಟ್ಟಿನ ಶಿಖರದಲ್ಲಿ, ತನ್ನನ್ನು ತಾನೇ ತಿಂದುಕೊಂಡದ್ದನ್ನು ನಿಲ್ಲಿಸಬೇಕೆಂದು ನಮ್ಮ ಶಿಲ್ಪಿಗಳಿಗೆ ಹೇಳಿಕೊಟ್ಟ ಬುದ್ಧಿ ಎಂಥದಿರಬೇಕು!

ಗೆದ್ದಲು ತಿಂದ ನನ್ನ ಹಳೆಯ ಕೆಳಪಟ್ಟಿಯನ್ನು ಆಗ ಇನ್ನೊಮ್ಮೆ ಕೈಗೆತ್ತಿಕೊಂಡು ನೋಡಿದೆನು. ಗೆದ್ದಲು ಬಂದದ್ದು ಲಕ್ಷ್ಮಿಗಾಗಿಯೇ. ಕಾಗದವೆಂದರೆ ಅದಕ್ಕೆ ಮರಕ್ಕಿಂತ ಪ್ರಿಯ. ಕಾಗದಕ್ಕೆ ಮುಟ್ಟುವ ಮೊದಲು ದಾರಿಯಲ್ಲಿ ಅಡ್ಡ ಸಿಕ್ಕಿದ ಪಟ್ಟಿ ತನ್ನನ್ನು ತಿನ್ನಲು ಕೊಟ್ಟಿತು. ಪಟ ಜಾರಿದಾಗ ಬಿರುಕನ್ನು ಗಾಜು ತೆಗೆದುಕೊಂಡಿತು. ನಲವತ್ತು ವರ್ಷದ ದೀಪದ ಹೊಗೆಯನ್ನು, ಎಣ್ಣೆಗೈಯನ್ನು, ನೊಣದ ಹಿಕ್ಕೆಯನ್ನು, ತಾಯಿಯವರ ಕುಂಕುಮವನ್ನು ಕೂಡ ಅದೇ ಹೊತ್ತುಕೊಂಡಿತು. ದೇವರಿಗೆ ನಾವು ಸಲ್ಲಿಸುವುದೂ ಲೋಕ ದೇವರಿಗೆ ಮಾಡುವುದೂ ಎರಡೂ ಬೀಳುವುದು ಈ ಅಂಚಿನ ಮೇಲೆಯೇ. ಅಪಾರವಾದುದಕ್ಕೆ ಹಣೆಯೆಲ್ಲಿದೆ, ಕುಂಕುಮವೆಲ್ಲಿ ನಿಂತೀತು? ಮಿತಿಯುಳ್ಳದ್ದೊಂದು ನಡುವೆ ಬಂದು ನಿಂತದ್ದರಿಂದ ತಾಯಿಯವರ ಬೆರ‍ಳಿಗೆ ತಾಗಲು ಒಂದು ಎಡೆಯಾಯಿತು. ಆ ನಡುವಿನದು ಸವೆದು, ಬಿರಿದು, ಬದಲಾಗಬೇಕಾದದ್ದೂ ಅದೇ ಕಾರಣದಿಂದ. ಆದುದರಿಂದ ಕಟ್ಟು ಹಾಳಾಯಿತೆಂದು ದೇವರನ್ನು ಅರಳಿಕಟ್ಟೆಗೆ ಕಳಿಸುವ ನಮ್ಮ ಪದ್ಧತಿ ನನಗೆ ತಲೆಕೆಳಗೆ ಕಾಣುತ್ತದೆ. ಶಾಸ್ತ್ರವಂತೂ ಇಷ್ಟು ಒರಟಾಗಿಲ್ಲ. ಜೀರ್ಣವಾದ ಮೂರ್ತಿಯಿಂದ ಕಳೆಯನ್ನು ಕಲಶದ ನೀರಿಗೆ ಆಕರ್ಷಿಸಿ ಹೊಸ ಮೂರ್ತಿಗೆ ತುಂಬುವ ಜೀರ್ಣೋದ್ಧಾರವಿಧಿ ಅಲ್ಲಿದೆ. ಕೆಡತಕ್ಕದ್ದು ಕೆಟ್ಟಿತು, ಇನ್ನೊಂದನ್ನು ಮಾಡು ಎನ್ನುತ್ತದೆ ಅದು.

ಕಮಲಗಳಿಗೆ ಉಪ್ಪುಕಾಗದ ಹಾಕಿ ಉಜ್ಜಿ, ಅರಗಿನ ಮೆರುಗು ಮೂರು ಬಾರಿ ಕೊಟ್ಟು, ಹೊಸ ಗಾಜು ಕೂರಿಸಿ, ಗುರುವಾರ ಸಂಜೆಗೆ ಪಟವನ್ನು ಗೋಡೆಗೆ ಹಾಕಿದ್ದಾಯಿತು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಹೊಸ ಗಾಜಿನ ಮೇಲೆ ಮೊದಲ ಕುಂಕುಮವಿಟ್ಟಳು; ಗಾಜು ಜಾರುತ್ತಿತ್ತಾಗಿ ಅದು ಹಣೆಯ ನಡುವಿನಿಂದ ಕೊಂಚ ಎಡಕ್ಕೆ ಬಿದ್ದಿತು.

ಹಳೆಯ ಗಾಜಿನ ಪ್ರಶ್ನೆ ಉಳಿಯಿತು. ನಿರ್ಮಾಲ್ಯವೆಂದು ಭಾವಿಸಿ ಹರಿಯುವ ನೀರಿಗೆ ಬಿಡಬಹುದೆಂದು ಪುರೋಹಿತರು ಹೇಳಿದರು. ತೊಳೆದರೆ ಕಿಟಕಿಗೆ ಬಂದೀತೆಂದು ಗಾಜಿನಂಗಡಿಯವನು ಹೇಳಿದನು. ಎರಡೂ ನನಗೆ ಒಗ್ಗಲಿಲ್ಲ. ಒಡೆದ ಗಾಜು ಮನೆಯಲ್ಲಿರಬಾರದೆಂದವಳನ್ನೇ ಕೊನೆಗೆ ಕೇಳಿದೆನು. ಅವಳು ಅದನ್ನು ಬೆಳಕಿಗೆ ಹಿಡಿದು, ಮೂರು ಕೆಂಪು ಗುರುತುಗಳನ್ನೂ ಸ್ವಲ್ಪ ಹೊತ್ತು ನೋಡಿ, "ಒಡೆದ ಪಟ ಇರಬಾರದು ಅಂದೆ. ಇದು ಪಟ ಅಲ್ಲವಲ್ಲ" ಎಂದಳು. ಅತ್ತೆಯ ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ ಅಟ್ಟದ ಮೇಲಿಟ್ಟಿದ್ದಾಳೆ. ನಾಲ್ಕನೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿದಿತ್ತು. ಹಲಸಿನ ಹೊಟ್ಟನ್ನು ಮರವಜ್ರದಲ್ಲಿ ಕಲಸಿ ತುಂಬಿದ್ದೇನೆ.